ಧರ್ಮದ ಮಾತಿಗೆ ಅರ್ಥ ಹೇಳಿ ಕೆಟ್ಟೆ

ಡಾಕ್ಟರು ಮದುವೆ ಮನೆಗೆ ಹೋದರೆ ಯಾರಾದರೊಬ್ಬರು ಬಂದು ನಾಲಿಗೆ ಚಾಚಿ ತೋರಿಸುತ್ತಾರಂತೆ. ಕನ್ನಡ ಟೀಚರ್ ಹೋದರೆ ಯಾರಾದರೊಬ್ಬರು ಒಂದು ಪದ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. "ಮೇಡಂ, ಇದರ ಅರ್ಥ ಏನು?" ಮಳವಳ್ಳಿಯಲ್ಲಿ ಹನ್ನೊಂದು, ಮದ್ದೂರಿನಲ್ಲಿ ಒಂಬತ್ತು, ಮಂಡ್ಯದಲ್ಲಿ ಹತ್ತು, ಒಟ್ಟು ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಟ್ಟವಳು ನಾನು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಹೆರಿಗೆ ವಾರ್ಡಿನಲ್ಲಿ ಕೇಳಿದ್ದಾರೆ, ಹಲ್ಲು ಕೀಳಿಸಿಕೊಂಡು ಬಾಯಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾಗಲೂ ಕೇಳಿದ್ದಾರೆ.

ಕೇಳಲಿ, ಅದಕ್ಕೆ ನನಗೇನೂ ಬೇಜಾರಿಲ್ಲ. 'ಕ್ಷಿತಿಜ' ಅಂದರೇನು ಎಂದು ಕೇಳಿದರೆ ಹೇಳುತ್ತೇನೆ, ಅವರೂ ತಲೆದೂಗಿ ಹೋಗುತ್ತಾರೆ. ಆದರೆ ದೇವರಿಗೋ ಧರ್ಮಕ್ಕೋ ಸೇರಿದ ಪದ ಬಂತೋ, ಅಲ್ಲಿಂದ ಶುರು ನನ್ನ ಗ್ರಹಚಾರ. ಕೇಳುವವರಿಗೆ ಅರ್ಥ ಮೊದಲೇ ಗೊತ್ತಿರುತ್ತದೆ. ನನ್ನಿಂದ ಬೇಕಾಗಿರುವುದು ಕೆಳಗೊಂದು ರುಜು ಮಾತ್ರ. ರುಜು ಹಾಕಲ್ಲ ಅಂದರೆ ಟೀಚರಿಗೇ ಗೊತ್ತಿಲ್ಲ ಅಂತಾರೆ. ಅದು ನನ್ನ ಧರ್ಮದ ಪದವೇ ಆಗಿರಲಿ, ಬೇರೆಯವರದ್ದೇ ಆಗಿರಲಿ, ಅವಮಾನ ಮಾತ್ರ ಪ್ರತಿಸಲವೂ ನನಗೇ. ಸಿಟ್ಟು ಬರುವುದಿಲ್ಲವೇ ಹೇಳಿ. ಕೆಲವನ್ನು ಬರೆದಿಡುತ್ತಿದ್ದೇನೆ, ನೀವೇ ತೀರ್ಮಾನ ಮಾಡಿ.

ನಿರ್ವಾಣ

ನಮ್ಮ ಯಜಮಾನರಿಗೆ ಆಗ ಶಿವನಸಮುದ್ರದಲ್ಲಿ ಕರೆಂಟಿನ ಕೆಲಸ. ನನಗೆ ಮಳವಳ್ಳಿ ಹೈಸ್ಕೂಲು. ಸೇರಿ ಎರಡನೇ ವರ್ಷ. ಒಂಬತ್ತನೇ ಕ್ಲಾಸಿಗೆ ಬುದ್ಧನ ಪಾಠ ಮಾಡಿ, ಬೋರ್ಡಿನ ಮೇಲೆ "ಬುದ್ಧನು ಕುಶಿನಗರದಲ್ಲಿ ನಿರ್ವಾಣ ಹೊಂದಿದನು" ಎಂದು ಬರೆದು, ಮಕ್ಕಳ ಕೈಯಲ್ಲಿ ನೋಟ್ಸ್ ಬರೆಸಿದೆ.

ಮಾರನೆಯ ದಿನ ಹೆಡ್ಮಾಸ್ಟರ್ ರೂಮಿನಿಂದ ಕರೆ ಬಂತು. ಹೋದರೆ ಅಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಅಜ್ಜ. ಕೈಯಲ್ಲಿ ಮೊಮ್ಮಗನ ನೋಟ್ ಬುಕ್ಕು, ಒಂದು ಬೆರಳು ಆ ಪುಟದ ಒಳಗೆ. ಹೆಡ್ಮಾಸ್ಟರು, "ಬನ್ನಿ ಮೇಡಂ, ಇವರು ಏನೋ ಹೇಳ್ತಾ ಇದ್ದಾರೆ" ಎಂದವರೇ, ತಮಗೂ ಆ ಸ್ಕೂಲಿಗೂ ಸಂಬಂಧವೇ ಇಲ್ಲ ಎನ್ನುವಂತೆ ಕಿಟಕಿಯ ಕಡೆ ತಿರುಗಿದರು.

ಅಜ್ಜ ಶುರು ಮಾಡಿದರು. "ಅಲ್ಲಾ ಮೇಡಮ್ಮೋರೆ, ಆ ಮಾನುಭಾವ ಅರಮನೆ ಬುಟ್ಟ, ಒಪ್ತೀನಿ. ಎಡ್ತಿ ಮಗೀನ ಬುಟ್ಟ, ಅದ್ನೂ ಒಪ್ತೀನಿ. ಕೊನೆಗೆ ಮೈಮ್ಯಾಗಿನ ಬಟ್ಟೆನೂ ಬುಟ್ಟ ಅಂತ ಐಕ್ಳ ಕೈಲಿ ಬರ್ಸಿದೀರಲ್ಲ, ಇದು ಸರೀನಾ?"

ಒಂದು ಕ್ಷಣ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕಡೆ ನಿರ್ವಾಣ ಅಂದರೆ ಬೆತ್ತಲೆ. ಕೆರೆಗೆ ಇಳಿದ ಮಕ್ಕಳನ್ನು "ನಿರ್ವಾಣವಾಗಿ ನಿಂತವೆ ನೋಡು" ಎಂದು ಬೈಯುವುದನ್ನು ನಾನೂ ಕೇಳಿದ್ದೆ.

ಹೆಡ್ಮಾಸ್ಟರು ಕಿಟಕಿಯಿಂದ ಮುಖ ತೆಗೆಯದೆ, "ಬೇರೆ ಪದ ಬಳಸಬಹುದಿತ್ತು ಮೇಡಂ. 'ತೀರಿಕೊಂಡರು' ಅಂದಿದ್ರೆ ಆಗ್ತಿರಲಿಲ್ವಾ?" ಎಂದರು.

ನನಗೆ ಮೈ ಉರಿದು ಹೋಯಿತು. "ಸಾರ್, ಎರಡೂವರೆ ಸಾವಿರ ವರ್ಷದಿಂದ ಜಗತ್ತೆಲ್ಲ ನಿರ್ವಾಣ ಅಂತಾನೇ ಹೇಳ್ತಿದೆ. ತೀರಿಕೊಂಡರು ಅನ್ನೋದಕ್ಕೆ ಬುದ್ಧ ಏನು ನಮ್ಮ ಪಕ್ಕದ ಮನೆಯವರಾ?" ಎಂದೆ. ಅವರು ಮತ್ತೆ ಕಿಟಕಿಗೆ ಶರಣಾದರು.

ಅಜ್ಜನನ್ನು ಕೂರಿಸಿ ಸಮಾಧಾನವಾಗಿ ಹೇಳಿದೆ. "ನೋಡಿ ಅಜ್ಜ, ದೀಪದಲ್ಲಿ ಎಣ್ಣೆ ಇರೋ ತನಕ ಉರಿಯುತ್ತೆ. ಆಸೆ ಅನ್ನೋದೇ ಆ ಎಣ್ಣೆ. ಅದು ಮುಗಿದ ಮೇಲೆ ದೀಪ ತಣ್ಣಗೆ ಆರುತ್ತಲ್ಲ, ಅದಕ್ಕೆ ನಿರ್ವಾಣ ಅಂತಾರೆ. ಬಟ್ಟೆಗೂ ಅದಕ್ಕೂ ಸಂಬಂಧ ಇಲ್ಲ."

ಅಜ್ಜ ಬಹಳ ಗಮನವಿಟ್ಟು ಕೇಳಿದರು. "ದೀಪ ಆರೋದು?" ಎಂದರು.

"ಹೌದು, ದೀಪ ಆರೋದು."

"ಅದ್ನೇ ಕಣವ್ವ ನಾನೂ ಏಳ್ತಿರಾದು. ನಂಗೂ ಐದು ಮಕ್ಳವೆ. ದೀಪ ಆರುದ್ ಮ್ಯಾಕೆ ಏನಾಯ್ತದೆ ಅಂತ ನಮ್ಗೊತ್ತಿಲ್ವಾ?"

ತೀರ್ಥಂಕರ

ಮದ್ದೂರಿಗೆ ಬಂದ ಮೇಲೆ ತಾಲ್ಲೂಕಿನ ಶಾಲೆಗಳಿಗೆಲ್ಲ ಸೇರಿಸಿ ಒಂದು ರಸಪ್ರಶ್ನೆ ಸ್ಪರ್ಧೆ ನಡೆಯಿತು. ಪ್ರಶ್ನೆ ಬರೆದುಕೊಟ್ಟವಳು ನಾನು. ಕೇಳಿದವರು ಮಾತ್ರ ಪಿಟಿ ಮೇಷ್ಟ್ರು, ಯಾಕೆಂದರೆ ಗಂಟಲು ದೊಡ್ಡದಿದ್ದದ್ದು ಅವರದ್ದೇ. ಉತ್ತರದ ಹಾಳೆಯನ್ನೂ ಕೊಟ್ಟಿದ್ದೆ. ಅವರು ಅದನ್ನು ಮಡಿಸಿ ಕುತ್ತಿಗೆಯ ಬೆವರಿಗೆ ಗಾಳಿ ಹಾಕಿಕೊಳ್ಳುತ್ತಿದ್ದರು.

"ತೀರ್ಥಂಕರ ಅಂದರೆ ಯಾರು?" ಎಂದು ಗುಡುಗಿದರು.

ಒಬ್ಬ ಹುಡುಗ ಎದ್ದು ನಿಂತು, "ದೇವಸ್ಥಾನದಲ್ಲಿ ತೀರ್ಥ ಕೊಡೋರು ಸಾ" ಎಂದ.

"ಸರಿಯಾದ ಉತ್ತರ! ಹತ್ತು ಅಂಕ!" ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ನಾನು ಕುರ್ಚಿ ಬಿಟ್ಟು ಎದ್ದೇ ಬಿಟ್ಟೆ. "ತಪ್ಪು! ತೀರ್ಥ ಅಂದರೆ ಹೊಳೆ ದಾಟೋ ಜಾಗ. ಸಂಸಾರ ಅನ್ನೋ ಹೊಳೆ ದಾಟೋದಕ್ಕೆ ದಾರಿ ಮಾಡಿಕೊಟ್ಟವರು ತೀರ್ಥಂಕರರು. ಜೈನರಿಗೆ ಇಪ್ಪತ್ನಾಲ್ಕು ಜನ. ಮಹಾವೀರ ಕೊನೆಯವರು. ಹಾಳೆಯಲ್ಲಿ ಬರೆದಿದ್ದೀನಲ್ಲ ಮೇಷ್ಟ್ರೇ, ಬಿಡಿಸಿ ನೋಡಿ!"

ಪಿಟಿ ಮೇಷ್ಟ್ರು ಹಾಳೆ ಬಿಡಿಸಿದರು. ಬೆವರಿಗೆ ಅಕ್ಷರವೆಲ್ಲ ಕಲಸಿಹೋಗಿತ್ತು. "ಇಲ್ಲಿ ಏನೂ ಕಾಣಿಸ್ತಿಲ್ಲ ಮೇಡಂ. ಅತಿಥಿಗಳು ಏನಂತಾರೋ ಕೇಳಣ" ಎಂದು ಜಾರಿಕೊಂಡರು.

ಆವತ್ತಿನ ಮುಖ್ಯ ಅತಿಥಿಗಳು ಹತ್ತಿರದ ಊರಿನ ದೇವಸ್ಥಾನದ ವಯಸ್ಸಾದ ಅರ್ಚಕರು. ಶಾಸ್ತ್ರ ಬಲ್ಲವರು, ನನ್ನ ಪರ ನಿಲ್ಲುತ್ತಾರೆ ಎಂದುಕೊಂಡೆ. ಅವರು ಮೈಕು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು.

"ಟೀಚರಮ್ಮ ಹೇಳಿದ್ದೇ ಸರಿ. ಆದರೆ ನಲವತ್ತು ವರ್ಷದಿಂದ ತೀರ್ಥ ಕೊಡ್ತಿದ್ದೀನಿ ತಾಯಿ. ಇದುವರೆಗೂ ಎಲ್ಲರೂ 'ಪೂಜಾರಪ್ಪ, ಇನ್ನೊಂಚೂರು ಉಯ್ಯಿ' ಅಂದೋರೇ. ಇವತ್ತು ಈ ಮಗು ನನ್ನ ತೀರ್ಥಂಕರ ಅಂದಿದೆ. ಹತ್ತು ಅಂಕ ಹಂಗೇ ಇರ್ಲಿ ಬಿಡಿ!"

ಉಪವಾಸ

ಇದೂ ಮದ್ದೂರಿನದ್ದೇ. ರಂಜಾನ್ ತಿಂಗಳಲ್ಲಿ ಟೀಚರುಗಳಿಗೆಲ್ಲ ಮೂರು ದಿನದ ತರಬೇತಿ ಹಾಕಿದ್ದರು. ನಮ್ಮ ಗುಂಪಿನಲ್ಲಿದ್ದ ಒಬ್ಬ ಗಣಿತದ ಮೇಷ್ಟ್ರು ಮುಸ್ಲಿಮರು. ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಇನ್ನೊಬ್ಬ ಮೇಷ್ಟ್ರು. ಬಹಳ ಒಳ್ಳೆಯ ಮನುಷ್ಯ. ಯಾರೂ ಹಸಿದು ಕೂರಬಾರದು ಅನ್ನುವುದೊಂದೇ ಅವರ ಧರ್ಮ. ಅವರು ನನ್ನ ಹತ್ತಿರ ಬಂದು, "ಮೇಡಂ, ಗಣಿತದೋರು ಊಟ ಬೇಡ, ರೋಜಾ ಅಂತಾರೆ. ಹಂಗಂದ್ರೇನು?" ಎಂದರು.

"ಉಪವಾಸ ಸಾರ್" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದೇ ನನ್ನ ತಪ್ಪು.

"ಓ, ಉಪವಾಸನಾ! ಮೊದಲೇ ಹೇಳೋದಲ್ವಾ!" ಎಂದು ಓಡಿದರು.

ಅರ್ಧ ಗಂಟೆ ಆದ ಮೇಲೆ ಗಣಿತದ ಮೇಷ್ಟ್ರ ಮುಂದೆ ಬಾಳೆಲೆ ಬಂತು. ಅದರ ಮೇಲೆ ತುಪ್ಪದ ಒಗ್ಗರಣೆಯ ಅವಲಕ್ಕಿ, ಎರಡು ದೋಸೆ, ರವೆ ಉಂಡೆ, ನಾಲ್ಕು ಬಾಳೆಹಣ್ಣು, ಒಂದು ಲೋಟ ಬಾದಾಮಿ ಹಾಲು. ವ್ಯವಸ್ಥೆಯ ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಂತು, "ತಗೊಳಿ ಸಾರ್, ಒಂದಗಳು ಅನ್ನ ಹಾಕಿಸಿಲ್ಲ. ಎಲ್ಲರಿಗೂ ವಡೆ ತರಿಸಿದೆ, ಅದರಲ್ಲಿ ಈರುಳ್ಳಿ ಇರುತ್ತೆ ಅಂತ ನಿಮಗೆ ಮಾತ್ರ ಬೇಡ ಅಂದೆ. ನಿಮ್ಮ ಉಪವಾಸಕ್ಕೆ ಏನೂ ಭಂಗ ಬರಲ್ಲ" ಎಂದರು.

ಗಣಿತದ ಮೇಷ್ಟ್ರು ಬೆಳಗಿನ ಜಾವದಿಂದ ಒಂದು ಗುಟುಕು ನೀರೂ ಕುಡಿಯದವರು. ಎಲೆ ನೋಡಿದರು, ನನ್ನ ಮುಖ ನೋಡಿದರು.

ನನಗೆ ತಡೆಯಲಾಗಲಿಲ್ಲ. "ಏನ್ ಸಾರ್ ಇದು! ಅವರು ಬೆಳಗಾಗೋದಕ್ಕೆ ಮುಂಚೆ ಶುರು ಮಾಡಿದರೆ ಹೊತ್ತು ಮುಳುಗೋವರೆಗೂ ನೀರೂ ಮುಟ್ಟಲ್ಲ. ಉಪವಾಸ ಅನ್ನೋ ಪದಕ್ಕೆ ಅರ್ಥಾನೂ ಇದಲ್ಲ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರೋದು. ದೇವರ ಹತ್ತಿರ ಇರೋದಕ್ಕೆ ಉಪವಾಸ ಅಂತಾರೆ. ಅವಲಕ್ಕಿ ಹತ್ತಿರ ಇರೋದಕ್ಕಲ್ಲ!"

"ಹಂಗಾದ್ರೆ ನಮ್ಮನೇವ್ಳು ಏಕಾದಶಿ ದಿನ ಮಾಡೋದು?" ಎಂದು ಆ ಪಾಪದ ಮನುಷ್ಯ ಗಾಬರಿಯಾದರು.

"ಏನು ಮಾಡ್ತಾರೆ?"

"ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ದೋಸೆ, ಸಾಯಂಕಾಲ ಸಜ್ಜಿಗೆ, ರಾತ್ರಿಗೆ ಹಾಲು ಹಣ್ಣು. ಪಾಪ, ಅವತ್ತೆಲ್ಲ ಸುಸ್ತು ಅಂತ ಮಲಗಿರ್ತಾಳೆ."

ಗಣಿತದ ಮೇಷ್ಟ್ರು ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಹಳ ಗೌರವದಿಂದ ಹೇಳಿದರು. "ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮನೆ ಉಪವಾಸ ಕೇಳಿದ್ರೆ ನಮಗೆ ನಮ್ಮನೆ ಹಬ್ಬ ನೆನಪಾಗುತ್ತೆ."

ಶುಭ ಶುಕ್ರವಾರ

ಮಂಡ್ಯದಲ್ಲಿ ನಮ್ಮ ಬೀದಿಗೊಬ್ಬ ಮುಖಂಡನಿದ್ದಾನೆ. ಮುಂದಿನ ಎಲೆಕ್ಷನ್ನಿಗೆ ನಿಲ್ಲುತ್ತೇನೆ ಎಂದು ಮೂರು ಎಲೆಕ್ಷನ್ನಿನಿಂದ ಹೇಳುತ್ತಿದ್ದಾನೆ. ನಿಲ್ಲುವ ತನಕ ಹಬ್ಬಕ್ಕೊಂದು ಫ್ಲೆಕ್ಸ್ ಕಟ್ಟುತ್ತಾನೆ. ನನ್ನ ಹಳೇ ವಿದ್ಯಾರ್ಥಿಯೇ. ಆದ್ದರಿಂದ ಅವನ ಫ್ಲೆಕ್ಸಿನ ಕಾಗುಣಿತಕ್ಕೆ ಊರವರು ನನ್ನನ್ನೇ ಬೈಯುತ್ತಾರೆ.

ಒಂದು ದಿನ ಬೆಳಿಗ್ಗೆ ಹಾಲು ತರಲು ಹೋದರೆ ಸರ್ಕಲ್ಲಿನಲ್ಲಿ ಫ್ಲೆಕ್ಸು. ಒಂದು ಮೂಲೆಯಲ್ಲಿ ಶಿಲುಬೆಯ ಮೇಲಿನ ಏಸು, ಸುತ್ತ ಬಣ್ಣ ಬಣ್ಣದ ಬಲೂನು, ನಡುವೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿಯುತ್ತಿರುವ ನಮ್ಮ ಮುಖಂಡ. ಕೆಳಗೆ, "ಸಮಸ್ತ ಕ್ರೈಸ್ತ ಬಾಂಧವರಿಗೆ ಶುಭ ಶುಕ್ರವಾರದ ಹಾರ್ದಿಕ ಶುಭಾಶಯಗಳು."

ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಅವನ ಮನೆಗೆ ಹೋದೆ. "ಏನಪ್ಪಾ ಇದು? ಏಸುವನ್ನ ಶಿಲುಬೆಗೆ ಹೊಡೆದು ಕೊಂದ ದಿನ ಕಣೋ ಅದು! ಅವತ್ತು ಅವರೆಲ್ಲ ದುಃಖದಲ್ಲಿರ್ತಾರೆ. ಬಲೂನು ಕಟ್ಟಿದ್ದೀಯಲ್ಲ!"

"ಮತ್ತೆ ಸುಭ ಅಂತ ಯಾಕ್ ಮೇಡಂ ಎಸ್ರು ಇಕ್ಕವ್ರೆ? ತಪ್ಪು ಅವರ್ದಾ, ನಂದಾ?"

"ಅವರು ಪ್ರಾಣ ಕೊಟ್ಟಿದ್ದರಿಂದ ಲೋಕಕ್ಕೆ ಒಳ್ಳೇದಾಯ್ತು ಅನ್ನೋ ನಂಬಿಕೆ. ಅದಕ್ಕೆ ಶುಭ."

"ಒಳ್ಳೇದೇ ಆಯ್ತಲ್ಲ! ಅದುಕ್ಕೇ ಸುಭಾಸಯ ಏಳಿವ್ನಿ."

ಇವನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪಾಸು ಮಾಡಿಸಿದ್ದು ನಾನೇ ಅನ್ನುವುದು ನೆನಪಾಯಿತು. "ಸಾವಿನ ಮನೆಗೆ ಹೋಗಿ ಯಾರಾದರೂ ಶುಭಾಶಯ ಹೇಳ್ತಾರೇನೋ?" ಎಂದೆ.

ಆಗ ಅವನ ಮುಖ ಬದಲಾಯಿತು. "ಅಯ್ಯೋ, ತಪ್ಪಾಯ್ತು ಮೇಡಂ. ಸಾವು ಅಂತ ನಂಗ್ ಯಾರೂ ಏಳ್ನೇ ಇಲ್ಲ. ಬುಡಿ, ಮಧ್ಯಾನದೊಳ್ಗೆ ಸರಿ ಮಾಡುಸ್ತೀನಿ."

ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನದೊಳಗೆ ಬಲೂನು ಹೋಗಿ ಹೊಸ ಫ್ಲೆಕ್ಸು ಬಂತು. ಕಪ್ಪು ಅಂಚು, ಎರಡು ಕಡೆ ದೀಪ. ಮೇಲೆ ದಪ್ಪಕ್ಷರದಲ್ಲಿ "ಭಾವಪೂರ್ಣ ಶ್ರದ್ಧಾಂಜಲಿ". ಅದರ ಕೆಳಗೆ "ಅಪಾರ ಬಂಧು ಬಳಗವನ್ನೂ ಹನ್ನೆರಡು ಜನ ಶಿಷ್ಯರನ್ನೂ ಅಗಲಿದ ಏಸು ಸ್ವಾಮಿಯವರೇ, ಮತ್ತೆ ಹುಟ್ಟಿ ಬನ್ನಿ." ಇನ್ನೂ ಕೆಳಗೆ "ದುಃಖತಪ್ತರು" ಎಂದು ಬರೆದು, ಅದೇ ಕೂಲಿಂಗ್ ಗ್ಲಾಸಿನ ಫೋಟೋ.

ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಅದನ್ನು ಓದಿದ ಕ್ರೈಸ್ತರು ನೊಂದುಕೊಂಡರೆ? ಅರ್ಥ ಹೇಳಿದವಳು ನಾನೇ ತಾನೆ? ಸೀದಾ ಪಕ್ಕದ ರಸ್ತೆಯ ಪ್ರಾರ್ಥನಾ ಮಂದಿರಕ್ಕೆ ಹೋಗಿ, ಅಲ್ಲಿನ ಪಾಸ್ಟರ್ ಹತ್ತಿರ ಕ್ಷಮೆ ಕೇಳಿದೆ. "ಈಗಲೇ ಹೋಗಿ ಅದನ್ನ ಬಿಚ್ಚಿಸ್ತೀನಿ ಸಾರ್, ಇಲ್ಲದಿದ್ದರೆ ನನಗೆ ನಿದ್ದೆ ಬರಲ್ಲ" ಎಂದೆ.

ಪಾಸ್ಟರು ಆಗಲೇ ನೋಡಿಕೊಂಡು ಬಂದಿದ್ದರು. "ಪಾಪ, ಮನಸ್ಸಿಟ್ಟು ಮಾಡಿಸಿದ್ದಾರೆ, ಇರಲಿ ಬಿಡಿ ಮೇಡಂ. ಆದರೆ ಭಾನುವಾರ ಬೆಳಿಗ್ಗೆಯೊಳಗೆ ಮರೀದೆ ತೆಗೆಸಿಬಿಡಿ. ಅಷ್ಟೊತ್ತಿಗೆ ಏಸು ಸ್ವಾಮಿ ಸಮಾಧಿಯಿಂದ ಎದ್ದು ಬಂದಿರ್ತಾರೆ" ಎಂದರು.

ಉರುಸ್

ಮತ್ತೆ ಮದ್ದೂರಿನ ದಿನಗಳಿಗೆ ಹೋಗುತ್ತೇನೆ. ಶಿವಪುರದ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಕಾಂಪೌಂಡಿನ ಆಚೆ ಕಡೆ ನಾಲ್ಕು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದ ಒಬ್ಬ ಅಕ್ಕ. ಅವರಿಗೂ ಬೀದಿ ಬೀದಿಯಲ್ಲಿ ಬಳೆ ಮಾರುವ ಒಬ್ಬ ಮುಸ್ಲಿಂ ಹೆಂಗಸಿಗೂ ಬಹಳ ಕಾಲದ ಸ್ನೇಹ. ಬಳೆಯವರು ಒಂದು ಸಲ ಡೇರಿ ಅಕ್ಕನನ್ನು, "ನಮ್ಮ ದರ್ಗಾದಲ್ಲಿ ಉರುಸ್ ಐತೆ, ಬರ್ಲೇಬೇಕು" ಎಂದು ಕರೆದು ಹೋದರು.

ಅಕ್ಕ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಟೀಚರಮ್ಮ, ಉರುಸು ಅಂದ್ರೇನು?" ಎಂದರು.

ನಾನು ಉತ್ಸಾಹದಿಂದ ಶುರು ಮಾಡಿದೆ. "ಅರಬ್ಬಿ ಮಾತಲ್ಲಿ ಉರುಸ್ ಅಂದರೆ ಮದುವೆ ಅಕ್ಕ..."

"ಅಯ್ಯೋ, ಆಲು ಉಕ್ತು!" ಎಂದು ಅಕ್ಕ ಒಳಗೆ ಓಡಿದರು.

ಮಿಕ್ಕ ಅರ್ಥ ನನ್ನ ಬಾಯಲ್ಲೇ ಉಳಿಯಿತು. ಆ ಸಂತರು ತೀರಿಕೊಂಡ ದಿನವನ್ನು ಅವರ ಕಡೆಯವರು ಸಾವು ಎಂದು ಎಣಿಸುವುದಿಲ್ಲ, ಅವರ ಆತ್ಮ ದೇವರನ್ನು ಸೇರಿದ ದಿನ, ಅದಕ್ಕೇ ಮದುವೆ ಎಂದು ಕರೆಯುತ್ತಾರೆ. ಎಷ್ಟು ಚೆಂದದ ಮಾತು! ಮಾರನೆಯ ದಿನ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅಕ್ಕ ಸಿಗಲಿಲ್ಲ. ಅದರ ಮಾರನೆಯ ದಿನ ಸಿಕ್ಕರು. ಕಾಂಪೌಂಡಿನ ಮೇಲೆ ಎರಡೂ ಕೈ ಊರಿಕೊಂಡು ನಿಂತು, ನನ್ನನ್ನು ಹಿಡಿದು ಜಾಡಿಸಿದರು.

"ಓದ್ದೋರು ಅಂತ ನಿಮ್ಮನ್ನ ಕೇಳುದ್ರೆ ನನ್ ಮಾನ ಕಳುದ್ರಲ್ಲ ಟೀಚರಮ್ಮ! ನೀವೇ ತಾನೆ ಮದ್ವೆ ಅಂದಿದ್ದು?"

"ನಾನು ಹೇಳಿ ಮುಗಿಸೋವರೆಗೂ ನೀವು ನಿಲ್ಲಲಿಲ್ಲವಲ್ಲ!" ಎಂದು ನಾನೂ ರೇಗಿದೆ. ಹಾಲು ಉಕ್ಕಿದ್ದಕ್ಕೆ ನಾನು ಹೊಣೆಯೇ?

ನಡೆದದ್ದನ್ನು ಆಮೇಲೆ ಬಳೆಯವರೇ ನಗು ತಡೆಯಲಾರದೆ ಹೇಳಿದರು. ಅಕ್ಕ ರೇಷ್ಮೆ ಸೀರೆ ಉಟ್ಟು, ಒಂದು ಹೊಸ ಸೀರೆ, ಕುಬುಸದ ಕಣ, ತೆಂಗಿನಕಾಯಿ, ಎಲೆ ಅಡಿಕೆ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ದರ್ಗಾಕ್ಕೆ ಬಂದರಂತೆ. ಚಪ್ಪರ ಇತ್ತು, ಹೂವಿತ್ತು, ದೀಪ ಇತ್ತು, ಬಿರಿಯಾನಿ ವಾಸನೆಯೂ ಇತ್ತು. ಮದುವೆಯೇ ಅನ್ನುವುದರಲ್ಲಿ ಅನುಮಾನವೇ ಉಳಿಯಲಿಲ್ಲ. ದರ್ಗಾ ನೋಡಿಕೊಳ್ಳುವ ಬಿಳಿ ಗಡ್ಡದ ಹಿರಿಯರ ಹತ್ತಿರ ಹೋಗಿ, "ಸಾಯ್ಬ್ರೆ, ಗಂಡೆಲ್ಲವ್ರೆ? ಮುಯ್ಯಿ ಮಾಡಿ ಬಿರ್‍ನೆ ಓಗ್ಬೇಕು, ಎಮ್ಮೆ ಕರ್ಯೋ ಒತ್ತಾಯ್ತು" ಎಂದರಂತೆ.

ಅವರು ಹಸಿರು ಚಾದರ ಹೊದಿಸಿದ್ದ ಗೋರಿಯನ್ನು ತೋರಿಸಿ, "ಇಲ್ಲೇ ಮಲಗಿದ್ದಾರಲ್ಲಮ್ಮ. ಅವರು ತೀರಿಕೊಂಡು ನೂರಾರು ವರ್ಷ ಆಯ್ತು" ಎಂದರಂತೆ.

ಅಕ್ಕ ತಟ್ಟೆ ಹಿಡಿದುಕೊಂಡು ಹಾಗೇ ನಿಂತರಂತೆ. ಗೋರಿ ನೋಡಿ, ಚಪ್ಪರ ನೋಡಿ, ಬೇಯುತ್ತಿದ್ದ ಬಿರಿಯಾನಿ ನೋಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರಂತೆ. "ಅಲ್ಲಾ ಸಾಯ್ಬ್ರೆ, ಈ ವಿಸ್ಯ ಎಣ್ಣಿನ ಕಡೆಯೋರ್ಗೆ ಏಳಿದೀರೋ ಇಲ್ವೋ?"

ಬಲಿಪೂಜೆ

ಇಷ್ಟು ಹೊತ್ತು ಊರವರ ಮೇಲೆ ಸಿಟ್ಟು ತೀರಿಸಿಕೊಂಡೆ. ಈಗ ನಮ್ಮ ಮನೆಯ ಕಥೆ.

ಮಂಡ್ಯದ ಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಒಬ್ಬರಿದ್ದರು. ಕ್ಯಾಥೊಲಿಕ್ ಕ್ರೈಸ್ತರು. ನನಗೆ ಗರ್ಭಕೋಶದ ಆಪರೇಷನ್ ಆದಾಗ ಎರಡು ತಿಂಗಳು ನನ್ನ ಪೀರಿಯಡ್ಡುಗಳನ್ನೂ ತೆಗೆದುಕೊಂಡು, ದಿನಾ ಸಾಯಂಕಾಲ ಗಂಜಿಯ ಡಬ್ಬಿಯೊಂದಿಗೆ ಬಂದು ನೋಡಿದವರು. ಅವರಿಗೆ ಒಬ್ಬಳೇ ಮಗಳು. ಆ ಮಗಳ ಮದುವೆ. ಅಲ್ಲಿ ನಮ್ಮಿಂದ ಒಂದು ಸಣ್ಣ ತಪ್ಪೂ ಆಗಬಾರದು ಅನ್ನುವುದು ನನ್ನ ಆಸೆ. ನಮ್ಮತ್ತೆಗೆ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಗಂಟಲು ಬಹಳ ಚುರುಕು. "ಆ ಮಗು ನಮ್ಮನೇಲಿ ಎಷ್ಟ್ ಯುಗಾದಿ ಉಂಡದೆ, ನಾನ್ ಬರ್ದೆ ಇರ್ತೀನಾ?" ಎಂದು ಅತ್ತೆ ಮೊದಲೇ ತಯಾರಾದರು.

ಕಾರ್ಡಿನಲ್ಲಿ "ಬೆಳಿಗ್ಗೆ ಹತ್ತೂವರೆಗೆ ವಿವಾಹ ಬಲಿಪೂಜೆ, ನಂತರ ಊಟ" ಎಂದಿತ್ತು. ಓದಿ ಹೇಳಿದೆ.

"ಯಾವ ಬಲಿ ಅಮ್ಮಿ? ಕುರಿಯಾ, ಕೋಳಿಯಾ?" ಎಂದರು ಅತ್ತೆ.

"ಯಾವುದೂ ಇಲ್ಲ ಅತ್ತೆ. ಏಸು ತಮ್ಮ ಪ್ರಾಣಾನೇ ಬಲಿ ಕೊಟ್ಟರಲ್ಲ, ಆ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಇಟ್ಟು ಪೂಜೆ ಮಾಡ್ತಾರೆ."

"ರೊಟ್ಟಿಗಾ ಬಲಿ ಅಂತ ಕಾರ್ಡ್ ಒಡ್ಸವ್ರೆ?" ಅತ್ತೆಗೆ ತಾವು ಮೋಸಹೋದಂತಾಯಿತು.

ಚರ್ಚಿಗೆ ಹೋಗುವ ದಾರಿಯುದ್ದಕ್ಕೂ ಆಟೋದಲ್ಲಿ ಪಾಠ ಮಾಡಿದೆ. ಎಲ್ಲರೂ ಎದ್ದಾಗ ಏಳಬೇಕು, ಕೂತಾಗ ಕೂರಬೇಕು, ಮಾತಾಡಬಾರದು. ಅತ್ತೆ ಎಲ್ಲಕ್ಕೂ ತಲೆ ಆಡಿಸಿದರು. ಒಳಗೆ ಹೋಗಿ ಮುಂದುಗಡೆಯ ಮೂರನೇ ಸಾಲಿನಲ್ಲಿ ಕೂತೆವು. ಎಲ್ಲ ಸರಿಯಾಗೇ ನಡೆಯುತ್ತಿತ್ತು. ಪ್ರಾರ್ಥನೆಯಲ್ಲಿ "ದೇವರ ಕುರಿಮರಿ" ಅನ್ನುವ ಮಾತು ಬಂತು. ಅತ್ತೆ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು.

"ಕೇಳುಸ್ಕಂಡಾ? ಕುರಿಮರಿ ಅಂತೆ. ಮರೀನೇ ಒಡ್ದವ್ರೆ. ನೀನು ಇಲ್ಲ ಅಂತ ಸುಳ್ಳೇಳ್ದೆ."

"ಅತ್ತೆ, ಅದು ಏಸುವಿಗೇ ಹೇಳೋ ಹೆಸರು. ಸುಮ್ಮನಿರಿ!" ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ. ಮುಂದಿನ ಸಾಲಿನವರ ಭುಜಗಳು ಅಲುಗುತ್ತಿದ್ದವು.

ಆಮೇಲೆ ಫಾದರ್ ಕೆಳಗಿಳಿದು ಬಂದು ಪರಮಪ್ರಸಾದ ಕೊಡಲು ನಿಂತರು. ಜನ ಸಾಲಾಗಿ ಎದ್ದರು.

"ಅದೇನ್ ಕೊಡ್ತಾವ್ರೆ?"

"ಪರಮಪ್ರಸಾದ ಅಂತ ಅತ್ತೆ. ಆದರೆ ಅದು..."

ಪ್ರಸಾದ ಅನ್ನುವ ಪದ ಕಿವಿಗೆ ಬಿದ್ದಿದ್ದೇ ತಡ, ಪಕ್ಕದ ಜಾಗ ಖಾಲಿ. ಅವರಲ್ಲಿ ದೀಕ್ಷೆ ಪಡೆದವರಿಗೆ ಮಾತ್ರ ಅದು, ನಮ್ಮ ದೇವಸ್ಥಾನದ ಪ್ರಸಾದದ ಹಾಗೆ ಕೈ ಒಡ್ಡಿದವರಿಗೆಲ್ಲ ಕೊಡುವುದಲ್ಲ ಎಂದು ನಾನು ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು. ಎದ್ದು ಅವರ ಹಿಂದೆ ಓಡಿದೆ. ಎಂಬತ್ತು ವರ್ಷದವರು, ಮಂಡಿ ನೋವು ಅನ್ನುತ್ತಿದ್ದವರು, ನಾನು ಹತ್ತಿರ ಹೋಗುವಷ್ಟರಲ್ಲಿ ಸಾಲಿನ ಮುಂದಕ್ಕೆ ಹೋಗಿ, ತಲೆ ತುಂಬ ಸೆರಗು ಹೊದ್ದು, ಎಡಗೈ ಮೇಲೆ ಬಲಗೈ ಇಟ್ಟು, ಫಾದರ್ ಎದುರು ನಿಂತಿದ್ದರು. ನಾನು ಹಿಂದಿನಿಂದ ಸೆರಗು ಹಿಡಿದು ಜಗ್ಗಿದೆ. ಅತ್ತೆ ನನ್ನ ಕೈಗೊಂದು ಏಟು ಕೊಟ್ಟರು.

ಫಾದರ್ ವಯಸ್ಸಿನಲ್ಲಿ ಚಿಕ್ಕವರು, ಮೃದುವಾದ ಮನುಷ್ಯ. ಹೊಸ ಮುಖ, ಹಣೆಯ ತುಂಬ ಕುಂಕುಮ ಬೇರೆ. ಅಜ್ಜಿಗೆ ನೋವಾಗಬಾರದು ಎಂದು ಬಗ್ಗಿ, ಬಹಳ ಮೆತ್ತಗೆ ಕೇಳಿದರು. "ಜ್ಞಾನಸ್ನಾನ ಆಗಿದೆಯಾ ತಾಯಿ?"

ಜ್ಞಾನಸ್ನಾನ ಅಂದರೆ ಅವರಲ್ಲಿ ನೀರು ಹಾಕಿ ಧರ್ಮಕ್ಕೆ ಸೇರಿಸಿಕೊಳ್ಳುವ ದೀಕ್ಷೆ. ಅತ್ತೆಯ ಮಂದ ಕಿವಿಗೆ ಅದರಲ್ಲಿ ಅರ್ಧವೇ ಬಿತ್ತು. ಫಾದರ್ ಎದೆಯ ಮೇಲೆ ಸಣ್ಣದೊಂದು ಮೈಕು ಸಿಕ್ಕಿಸಿಕೊಂಡಿದ್ದರು. ಅತ್ತೆ ಅದರಿಂದ ಒಂದು ಗೇಣು ದೂರದಲ್ಲಿ ನಿಂತು, ಎಂಬತ್ತು ವರ್ಷದ ಅಷ್ಟೂ ಸ್ವಾಭಿಮಾನವನ್ನು ಗಂಟಲಿಗೆ ತಂದುಕೊಂಡು ಉತ್ತರ ಕೊಟ್ಟರು. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ನಮ್ಮ ಸ್ಕೂಲಿನ ಸ್ಟಾಫು, ಹೊರಗೆ ಅಡುಗೆ ಮಾಡುತ್ತಿದ್ದವರು, ಎಲ್ಲರಿಗೂ ಕೇಳಿಸಿತು.

"ಏನ್ ಸಾಮಿ ಇಂಗ್ ಕೇಳೀರಿ? ಸ್ನಾನ ಮಾಡ್ದೆ ದ್ಯಾವ್ರ ಗುಡಿಗೆ ಬರೋ ಜನ್ವಾ ನಾವು? ಒತ್ತಾರೆನೆ ಎದ್ದು, ಎಲ್ಡು ಅಂಡೆ ನೀರ ತಲೆಗೆ ಉಯ್ಕಂಡು ಬಂದಿವ್ನಿ. ಕೇಳೋದಾದ್ರೆ ಇಗಾ, ನನ್ನಿಂದೆ ನಿಂತವ್ಳಲ್ಲ, ಇಸ್ಕೂಲ್ ಟೀಚ್ರು, ನನ್ ಸೊಸೆ, ಇವ್ಳ ಕೇಳಿ! ಬರೀ ಮೈಗ್ ಉಯ್ಕಂಡು, ತಲೆಗೆ ಎಣ್ಣೆ ಸವ್ರ್‍ಕಂಡು ಬಂದಿರೋಳು ಇವ್ಳು!"

ಇಡೀ ಚರ್ಚು ತಿರುಗಿ ನನ್ನ ಜಡೆ ನೋಡಿತು.